ಅಮ್ಮನ ಕೀಮೋ ಚೀಟಿಯಲ್ಲಿ ‘ಲೈಪೋಸೋಮಲ್’ ಅಂತ ಇದೆ, ನ್ಯಾನೋ ಔಷಧಿ ಅಂದರೆ ಇದೇನಾ?

ಸಕಲೇಶಪುರದ ಮಗಳು:

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 61 ವರ್ಷ. ಅಂಡಾಶಯದ ಕ್ಯಾನ್ಸರ್. ಎರಡು ವರ್ಷದ ಹಿಂದೆ ಆಪರೇಷನ್, ಕೀಮೋ ಎಲ್ಲ ಮುಗಿದು ಚೆನ್ನಾಗಿದ್ದರು, ಈಗ ಮತ್ತೆ ಕಾಣಿಸಿಕೊಂಡಿದೆ. ಈ ಸಲ ಡಾಕ್ಟರು ಔಷಧಿ ಬದಲಾಯಿಸಿದ್ದಾರೆ. ಚೀಟಿಯಲ್ಲಿ ‘ಪೆಗಿಲೇಟೆಡ್ ಲೈಪೋಸೋಮಲ್ ಡಾಕ್ಸೊರುಬಿಸಿನ್’ ಅಂತ ಇದೆ. ಅವತ್ತು ಓಪಿಡಿ ತುಂಬಾ ಜನ, ‘ಇದು ನ್ಯಾನೋ ಥರದ್ದಮ್ಮ, ಹೃದಯಕ್ಕೆ ತೊಂದರೆ ಕಡಿಮೆ’ ಅಂದು ಮುಂದಿನವರನ್ನು ಕರೆದರು. ಮೆಡಿಕಲ್ ಶಾಪ್‌ನಲ್ಲಿ ವಿಚಾರಿಸಿದರೆ ಸಾದಾ ಡಾಕ್ಸೊರುಬಿಸಿನ್‌ಗೂ ಇದಕ್ಕೂ ಬೆಲೆಯಲ್ಲಿ ಎಷ್ಟೋ ಪಟ್ಟು ವ್ಯತ್ಯಾಸ. ಮನೆಗೆ ಬಂದು ಮೊಬೈಲಲ್ಲಿ ಹುಡುಕಿದೆ. ‘ಕ್ಯಾನ್ಸರ್ ಕಣವನ್ನೇ ಹುಡುಕಿಕೊಂಡು ಹೋಗುವ ನ್ಯಾನೋ ಕ್ಷಿಪಣಿ’ ಅಂತ ವಿಡಿಯೋ ಮೇಲೆ ವಿಡಿಯೋ ಬಂತು.

ಇದು ನಿಜವಾ? ಮೈಯೊಳಗೆ ಹೋಗಿ ಇದು ಏನು ಮಾಡುತ್ತದೆ? ದುಡ್ಡು ಹೊಂದಿಸುತ್ತೇವೆ, ಅದಕ್ಕಲ್ಲ. ಆದರೆ ಅಮ್ಮ ‘ಏನಿದು, ಯಾಕಿಷ್ಟು ಖರ್ಚು’ ಅಂತ ದಿನಾ ಕೇಳುತ್ತಾರೆ, ಉತ್ತರ ನನ್ನ ಹತ್ತಿರ ಇಲ್ಲ. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಫಾರ್ಮಸಿ ಮೇಷ್ಟ್ರು:

ಮೊದಲು ಆ ಕ್ಷಿಪಣಿ ಅನ್ನುವ ಮಾತನ್ನು ತಲೆಯಿಂದ ತೆಗೆದುಬಿಡಿ ತಾಯಿ. ನಾನು ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಅದಕ್ಕೂ ಮುಂಚೆ ಇಂಜೆಕ್ಷನ್ ತಯಾರಿಸುವ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಇದ್ದೆ. ಈ ಔಷಧಿಗೆ ಕಣ್ಣಿಲ್ಲ. ಅದು ಏನನ್ನೂ ಹುಡುಕುವುದಿಲ್ಲ. ರಕ್ತ ಎಲ್ಲಿಗೆ ಕರೆದುಕೊಂಡು ಹೋಗುತ್ತದೋ ಅಲ್ಲಿಗೆ ಹೋಗುತ್ತದೆ. ಇದರ ಗುಣ ಇರುವುದು ಬೇರೆ ಕಡೆ: ಹೋಗಬಾರದ ಜಾಗಕ್ಕೆ ಇದು ಸುಲಭಕ್ಕೆ ನುಗ್ಗುವುದಿಲ್ಲ.

ಲೈಪೋಸೋಮ್ ಅಂದರೆ ಕೊಬ್ಬಿನ ಗುಳ್ಳೆ. ನಮ್ಮ ಜೀವಕೋಶದ ಸುತ್ತ ಇರುವ ಪೊರೆ ಯಾವ ಜಾತಿಯ ಕೊಬ್ಬಿನದೋ ಹೆಚ್ಚುಕಮ್ಮಿ ಅದೇ ಜಾತಿಯದು. ಆ ಕೊಬ್ಬನ್ನು ನೀರಿಗೆ ಹಾಕಿದರೆ ತಾನಾಗಿಯೇ ಸುತ್ತಿಕೊಂಡು ಗುಳ್ಳೆಯಾಗುತ್ತದೆ ಅನ್ನುವುದನ್ನು 1960ರ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ಹತ್ತಿರ ಅಲೆಕ್ ಬ್ಯಾಂಗಮ್ ಅನ್ನುವವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ನಿಮ್ಮ ಅಮ್ಮನ ಔಷಧಿಯ ಗುಳ್ಳೆ 80ರಿಂದ 100 ನ್ಯಾನೋಮೀಟರ್ ಅಗಲ. 1 ಮಿಲಿಮೀಟರಿನ 10 ಲಕ್ಷದಲ್ಲಿ ಒಂದು ಪಾಲು 1 ನ್ಯಾನೋಮೀಟರ್. ಒಂದು ಕೆಂಪು ರಕ್ತಕಣದ ಅಗಲಕ್ಕೆ ಇಂಥ ಗುಳ್ಳೆ 70-80 ಸಾಲಾಗಿ ಕೂರುತ್ತವೆ. ಅಷ್ಟು ಚಿಕ್ಕದರೊಳಗೆ ಔಷಧಿಯ 10 ಸಾವಿರಕ್ಕೂ ಜಾಸ್ತಿ ಅಣು ತುಂಬಿರುತ್ತಾರೆ.

ತುಂಬುವ ರೀತಿ ನನಗೆ ಇವತ್ತಿಗೂ ಬಹಳ ಇಷ್ಟ. ಮೊದಲು ಗುಳ್ಳೆಯೊಳಗೆ ಅಮೋನಿಯಂ ಸಲ್ಫೇಟ್ ನೀರು ಇರುವ ಹಾಗೆ ಮಾಡುತ್ತಾರೆ, ಆಮೇಲೆ ಹೊರಗಿನ ನೀರನ್ನು ಬದಲಾಯಿಸಿ ಡಾಕ್ಸೊರುಬಿಸಿನ್ ಹಾಕುತ್ತಾರೆ. ಔಷಧಿ ಪೊರೆ ದಾಟಿ ಒಳಗೆ ಹೋಗುತ್ತದೆ, ಹೋದಮೇಲೆ ಅದಕ್ಕೆ ವಿದ್ಯುದಂಶ ಅಂಟಿಕೊಂಡು ಹೊರಬರಲು ಆಗುವುದಿಲ್ಲ, ಅಲ್ಲೇ ಸಲ್ಫೇಟ್ ಜೊತೆ ಸೇರಿ ಹರಳುಗಟ್ಟುತ್ತದೆ. ಆ ಗುಳ್ಳೆಯ ಫೋಟೋ ನೋಡಿದವರೆಲ್ಲ ಹೇಳುವುದು ಒಂದೇ, ಕಾಫಿ ಬೀಜದ ಹಾಗಿದೆ ಅಂತ. ಉದ್ದನೆಯ ಗುಳ್ಳೆ, ಮಧ್ಯೆ ಹರಳಿನ ಗೆರೆ. ನೀವು ಸಕಲೇಶಪುರದವರು, ಅಮ್ಮನಿಗೆ ಇದನ್ನೇ ಹೇಳಿ.

ಸಾದಾ ಡಾಕ್ಸೊರುಬಿಸಿನ್ ಕೊಟ್ಟರೆ ನಿಮಿಷಗಳಲ್ಲಿ ರಕ್ತ ಬಿಟ್ಟು ಎಲ್ಲ ಅಂಗಕ್ಕೂ ಹರಡುತ್ತದೆ, ಹೃದಯದ ಸ್ನಾಯುವಿಗೂ. ಅದಕ್ಕೇ ಜೀವಮಾನದಲ್ಲಿ ಇಷ್ಟೇ ಕೊಡಬೇಕು ಅನ್ನುವ ಮಿತಿ ಇದೆ. ಗುಳ್ಳೆಯಲ್ಲಿ ಕೂತ ಔಷಧಿ ಹಾಗೆ ಹರಡುವುದಿಲ್ಲ. ಹೃದಯದ ರಕ್ತನಾಳದ ಗೋಡೆ ಬಿಗಿ, ಗುಳ್ಳೆ ತೂರುವುದು ಕಷ್ಟ. ಗಡ್ಡೆಯಲ್ಲಿ ಅವಸರದಲ್ಲಿ ಬೆಳೆದ ರಕ್ತನಾಳ ಸೋರುತ್ತದೆ, ಅಲ್ಲಿ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ಗಡ್ಡೆಯ ಈ ಸೋರುವ ಗುಣವನ್ನು 1986ರಲ್ಲಿ ಜಪಾನಿನ ಮಾತ್ಸುಮುರಾ ಮತ್ತು ಮಾಯೆದಾ ತೋರಿಸಿದ್ದು. ‘ಪೆಗಿಲೇಟೆಡ್’ ಅಂದರೆ ಗುಳ್ಳೆಯ ಮೈಮೇಲೆ ಪಾಲಿಮರ್‌ನ ನವಿರು ಕೂದಲು ನೆಟ್ಟಿದ್ದಾರೆ ಅಂತ. ಅದಿದ್ದರೆ ಯಕೃತ್ತಿನ ಕಾವಲು ಕೋಶಗಳು ತಕ್ಷಣ ಗುರುತು ಹಿಡಿಯುವುದಿಲ್ಲ, ಎರಡು ದಿನ ಕಳೆದರೂ ಅರ್ಧದಷ್ಟು ರಕ್ತದಲ್ಲೇ ಸುತ್ತುತ್ತಿರುತ್ತದೆ.

ಇದು ಹೊಸ ಪ್ರಯೋಗವೇನೂ ಅಲ್ಲ. ಜೆರುಸಲೇಮಿನ ಬರೆನ್‌ಹೋಲ್ಜ್ ಮತ್ತು ಗಬಿಜಾನ್ ರೂಪಿಸಿದ್ದು, ಡಾಕ್ಸಿಲ್ ಅನ್ನುವ ಹೆಸರಲ್ಲಿ 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಅಂಡಾಶಯದ ಕ್ಯಾನ್ಸರ್‌ಗೆ 1999ರಲ್ಲಿ.

ಡೇಕೇರ್ ಸಿಸ್ಟರ್:

ಮೇಷ್ಟ್ರು ಒಳಗಿನದ್ದು ಹೇಳಿದರು, ನಾನು ಹಾಸಿಗೆ ಪಕ್ಕದ್ದು ಹೇಳುತ್ತೇನೆ. ಕೀಮೋ ಡೇಕೇರ್‌ನಲ್ಲಿ ಈ ಡ್ರಿಪ್ ಹಾಕಿ ಹಾಕಿ ಕೈ ಪಳಗಿದೆ.

ಸಾದಾ ಡಾಕ್ಸೊರುಬಿಸಿನ್ ತಿಳಿ ಕೆಂಪು, ಗಾಜಿನ ಹಾಗೆ ಆಚೆ ಈಚೆ ಕಾಣುತ್ತದೆ. ಲೈಪೋಸೋಮಲ್ ಕೂಡ ಕೆಂಪೇ, ಆದರೆ ಸ್ವಲ್ಪ ಮಂಜು ಮಂಜು. ಇದನ್ನು ಗ್ಲೂಕೋಸ್ ಬಾಟಲಿಗೇ ಬೆರೆಸಬೇಕು, ಸಲೈನ್‌ಗೆ ಬೆರೆಸುವ ಹಾಗಿಲ್ಲ. ಮೊದಲ ಸಲ ತುಂಬಾ ನಿಧಾನಕ್ಕೆ ಶುರು ಮಾಡುತ್ತೇವೆ, ನಿಮಿಷಕ್ಕೆ 1 ಮಿ.ಗ್ರಾಂ. ಕೆಲವರಿಗೆ ಮೊದಲ ಕೆಲವು ನಿಮಿಷದಲ್ಲೇ ಮುಖ ಕೆಂಪಾಗುವುದು, ಎದೆ ಬಿಗಿಯಾಗುವುದು, ಬೆನ್ನು ನೋವು ಬರುತ್ತದೆ. ಹಾಗೇನಾದರೂ ಆದರೆ ಅಮ್ಮ ಸಹಿಸಿಕೊಂಡು ಸುಮ್ನೆ ಕೂರಬಾರದು, ತಕ್ಷಣ ಹೇಳಬೇಕು. ಡ್ರಿಪ್ ನಿಲ್ಲಿಸಿ, ಡಾಕ್ಟರು ನೋಡಿ, ಆಮೇಲೆ ಇನ್ನೂ ನಿಧಾನಕ್ಕೆ ಹಾಕಿದರೆ ಬಹಳಷ್ಟು ಜನರಿಗೆ ಸರಿಹೋಗುತ್ತದೆ. ನಮ್ಮ ಹೆಂಗಸರಿಗೆ ಸಹಿಸಿಕೊಳ್ಳುವುದೇ ಅಭ್ಯಾಸ, ಅದಕ್ಕೆ ಒತ್ತಿ ಹೇಳುತ್ತಿದ್ದೇನೆ.

ಕೂದಲು ಉದುರುವುದು ಸಾದಾದ್ದಕ್ಕಿಂತ ಕಡಿಮೆ. ಆದರೆ ಇದರದ್ದೇ ಒಂದು ಕಾಟ ಇದೆ. ಅಂಗೈ, ಅಂಗಾಲು. ಗುಳ್ಳೆ ದಿನಗಟ್ಟಲೆ ರಕ್ತದಲ್ಲಿ ಸುತ್ತುತ್ತದಲ್ಲ, ಒತ್ತಡ ಬೀಳುವ, ಬಿಸಿಯಾಗುವ ಕಡೆ ಸಣ್ಣ ರಕ್ತನಾಳದಿಂದ ಚರ್ಮಕ್ಕೆ ಇಳಿಯುತ್ತದೆ. ಕೆಂಪಾಗಿ, ಉರಿದು, ಜಾಸ್ತಿಯಾದರೆ ಸಿಪ್ಪೆ ಸುಲಿದು ಬೊಬ್ಬೆ ಏಳುತ್ತದೆ. ಎರಡು ಮೂರು ಸುತ್ತು ಆದಮೇಲೆ ಸಾಮಾನ್ಯವಾಗಿ ಶುರುವಾಗುತ್ತದೆ. ಬಿಸಿ ನೀರಲ್ಲಿ ಪಾತ್ರೆ ತೊಳೆಯುವುದು, ಬಟ್ಟೆ ಹಿಂಡುವುದು, ಬಿಗಿ ಚಪ್ಪಲಿ ಯಾವುದೂ ಬೇಡ. ಹಾಸನದ ಕಡೆಯವರು ಅಂದಮೇಲೆ ಇನ್ನೊಂದು ಮಾತು. ಮುದ್ದೆ ಕಟ್ಟುವುದನ್ನು ಬೇರೆ ಯಾರಾದರೂ ಮಾಡಲಿ. ಬಿಸಿ ಹಿಟ್ಟು ಅಂಗೈಯಲ್ಲಿ ಒತ್ತಿ ಉರುಳಿಸುವುದು ಇದೆಯಲ್ಲ, ಈ ಔಷಧಿಗೆ ಅದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ. ನನ್ನ ಹತ್ತಿರ ಬರುತ್ತಿದ್ದ ಒಬ್ಬ ಅಜ್ಜಿಗೆ ಬಲಗೈ ಮಾತ್ರ ಕೆಂಪಾಗಿತ್ತು, ಕಾರಣ ಹುಡುಕಿದರೆ ದಿನಾ ಎರಡು ಹೊತ್ತು ಮುದ್ದೆ.

ಸಕಲೇಶಪುರದ ಮಗಳು:

ಮೇಷ್ಟ್ರೇ, ಸಿಸ್ಟರ್, ನಿಮ್ಮಿಬ್ಬರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ. ಅಮ್ಮನಿಗೆ ಓದಿ ಹೇಳಿದೆ. ಮುದ್ದೆ ವಿಷಯಕ್ಕೆ ಬಂದಾಗ ‘ನಿಮ್ಮಪ್ಪನಿಗೆ ಬೇರೆಯವರು ಕಟ್ಟಿದ್ದು ಸೇರಲ್ಲ’ ಅಂದರು. ಅಪ್ಪ ಒಳಗಿಂದ ‘ನಾನೇ ಕಟ್ಟಿಕೊಳ್ಳುತ್ತೇನೆ’ ಅಂದರು.

ಇನ್ನೊಂದು ಕೇಳಬೇಕಿತ್ತು. ಬೆಲೆ ಜಾಸ್ತಿ ಅಂತ ಸಾದಾದ್ದನ್ನೇ ಹಾಕಿಸಬಹುದಾ ಅಂತ ಚಿಕ್ಕಪ್ಪ ಕೇಳುತ್ತಿದ್ದಾರೆ. ಮತ್ತೆ ನಮಗೆ ಸಿಗುತ್ತಿರುವುದು ವಿದೇಶದ್ದಲ್ಲ, ಇಲ್ಲಿಯ ಕಂಪನಿಯದ್ದು. ಪರವಾಗಿಲ್ವಾ?

ಫಾರ್ಮಸಿ ಮೇಷ್ಟ್ರು:

ಚಿಕ್ಕಪ್ಪನವರಿಗೆ ಬೇಡ ಅಂತ ಹೇಳಿ. ಹೆಸರು ಒಂದೇ ಆದರೂ ಎರಡರ ಡೋಸ್ ಲೆಕ್ಕವೇ ಬೇರೆ, ಮಿಲಿಗ್ರಾಂಗೆ ಮಿಲಿಗ್ರಾಂ ಅದಲು ಬದಲು ಮಾಡಬಾರದು ಅಂತ ಔಷಧಿಯ ಮೇಲೇ ಎಚ್ಚರಿಕೆ ಇದೆ. ಮರಳಿ ಬಂದ ಅಂಡಾಶಯದ ಕ್ಯಾನ್ಸರ್‌ನಲ್ಲಿ ಪರೀಕ್ಷೆ ಮಾಡಿ ನೋಡಿರುವುದು ಈ ಗುಳ್ಳೆಯ ರೂಪವನ್ನೇ.

ಇಲ್ಲಿಯ ಕಂಪನಿ ಅನ್ನುವ ಚಿಂತೆಗೆ ಒಂದು ಕಥೆ ಇದೆ. 2011ರಲ್ಲಿ ಡಾಕ್ಸಿಲ್ ತಯಾರಿಕೆ ನಿಂತು ಅಮೆರಿಕದಲ್ಲೇ ಅದು ಸಿಗದ ಹಾಗಾಯಿತು. ಆಗ 2012ರ ಫೆಬ್ರವರಿಯಲ್ಲಿ ಅಲ್ಲಿಯ ಎಫ್‌ಡಿಎ ಭಾರತದ ಸನ್ ಫಾರ್ಮಾದ ಲಿಪೊಡಾಕ್ಸ್ ಅನ್ನು ತರಿಸಿಕೊಳ್ಳಲು ಒಪ್ಪಿತು, 2013ರಲ್ಲಿ ಅದೇ ಕಂಪನಿಗೆ ಡಾಕ್ಸಿಲ್‌ನ ಮೊದಲ ಜೆನೆರಿಕ್ ಅನ್ನುವ ಒಪ್ಪಿಗೆ ಕೊಟ್ಟಿತು. ಹಾಗಾಗಿ ಇಲ್ಲಿಯದ್ದು ಅನ್ನುವ ಕಾರಣಕ್ಕೇ ಹೆದರಬೇಡಿ. ಆದರೆ ಮಾತ್ರೆಯ ಜೆನೆರಿಕ್ ಮಾಡಿದಷ್ಟು ಸುಲಭ ಅಲ್ಲ ಇದು. ಗುಳ್ಳೆಯ ಅಳತೆ, ಕೊಬ್ಬಿನ ಪಾಕ, ಎಷ್ಟು ಸೋರುತ್ತದೆ ಅನ್ನುವುದು ಎಲ್ಲವೂ ಮೂಲದ ಹಾಗೇ ಬರಬೇಕು. ಕಾರ್ಖಾನೆಯಲ್ಲಿದ್ದಾಗ ಬರೀ ಅಳತೆ ಸರಿ ಬಂದಿಲ್ಲ ಅಂತ ಇಡೀ ಬ್ಯಾಚ್ ಚೆಲ್ಲಿದ್ದನ್ನು ಕಣ್ಣಾರೆ ನೋಡಿದ್ದೇನೆ. ಬೆಲೆಗೆ ಒಂದು ಕಾರಣ ಅದು. ಒಂದೇ ಬ್ರ್ಯಾಂಡ್ ಮುಂದುವರಿಸಿ, ಬದಲಾಯಿಸುವುದಾದರೆ ಡಾಕ್ಟರಿಗೆ ಹೇಳಿಯೇ ಬದಲಾಯಿಸಿ. ಆರೋಗ್ಯ ಕರ್ನಾಟಕದ ಕಾರ್ಡ್ ಇದ್ದರೆ ಆಸ್ಪತ್ರೆಯ ಸ್ಕೀಮ್ ಕೌಂಟರ್‌ನಲ್ಲಿ ಒಮ್ಮೆ ಕೇಳಿ ನೋಡಿ.

ಕಲಬುರಗಿ ಹುಡುಗ:

ಲೈಪೋಸೋಮಲ್ ಅನ್ನುವ ಪದ ನೋಡಿದ ಕೂಡಲೇ ನಿಂತುಬಿಟ್ಟೆ ರೀ. 2021ರ ಮೇ ತಿಂಗಳಲ್ಲಿ ನನ್ನ ಬಾಯಲ್ಲಿ ಇದೊಂದೇ ಪದ. ಅಪ್ಪನಿಗೆ ಕೋವಿಡ್ ಇಳಿದು ಹತ್ತು ದಿನಕ್ಕೆ ಬ್ಲ್ಯಾಕ್ ಫಂಗಸ್. ಮೂಗು, ಕಣ್ಣಿನ ಕೆಳಗೆ ಆಪರೇಷನ್ ಆಯಿತು. ‘ಲೈಪೋಸೋಮಲ್ ಆಂಫೊಟೆರಿಸಿನ್ ಬೇಕು’ ಅಂದರು. ಅಪ್ಪನ ತೂಕ 60 ಕೆ.ಜಿ. ಕೆ.ಜಿ.ಗೆ 5 ಮಿ.ಗ್ರಾಂ ಅಂದರೆ ದಿನಕ್ಕೆ 300. ಒಂದು ವಯಲ್‌ನಲ್ಲಿ 50. ದಿನಕ್ಕೆ 6 ವಯಲ್! ವಾರಗಟ್ಟಲೆ! ಊರಲ್ಲಿ ಒಂದೂ ಇಲ್ಲ, ಬೆಂಗಳೂರಲ್ಲಿ ಇಲ್ಲ, ಹೈದರಾಬಾದಿನಲ್ಲಿ ಇಲ್ಲ. ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ‘ಎರಡು ಉಳಿದಿದೆ’ ಅಂದರೆ ರಾತ್ರಿ ಬೈಕ್ ತೆಗೆಯುವುದು.

ಸಿಗುವ ತನಕ ಸಾದಾ ಆಂಫೊಟೆರಿಸಿನ್ ಕೊಟ್ಟರು. ಅದು ಹಳದಿ ಬಣ್ಣದ್ದು. ಹಾಕಿದ ಒಂದು ಗಂಟೆಗೆ ಅಪ್ಪ ನಡುಗಲು ಶುರು. ಮಂಚ ಗಡಗಡ ಅಲ್ಲಾಡುತ್ತಿತ್ತು, ಮೂರು ಕಂಬಳಿ ಹೊದಿಸಿ ನಾನು ಮೇಲೆ ಕೈ ಇಟ್ಟು ಕೂರುತ್ತಿದ್ದೆ. ಐದನೇ ದಿನಕ್ಕೆ ಕ್ರಿಯಾಟಿನಿನ್ ಏರಿತು, ಕಿಡ್ನಿಗೆ ಪೆಟ್ಟಾಗುತ್ತಿದೆ ಅಂದರು. ಆರನೇ ದಿನ ಲೈಪೋಸೋಮಲ್ ಸಿಕ್ಕಿತು. ಅದೇ ಔಷಧಿ, ಅದೂ ಮೂರು ಪಟ್ಟಿಗಿಂತ ಜಾಸ್ತಿ ಡೋಸ್, ಆದರೆ ನಡುಕ ಹೋಯಿತು, ಕ್ರಿಯಾಟಿನಿನ್ ಮೆಲ್ಲಗೆ ಇಳಿಯಿತು. ಅಪ್ಪ ಉಳಿದರು. ಒಂದು ಕಣ್ಣು ಉಳಿಯಲಿಲ್ಲ.

ಮೇಷ್ಟ್ರೇ, ಇಷ್ಟು ವರ್ಷ ಆಯಿತು, ಅದೇ ವಿಷ ಒಂದು ಕೊಬ್ಬಿನ ಗುಳ್ಳೆಗೆ ಸೇರಿಸಿದರೆ ಹೇಗೆ ಅಷ್ಟು ಸೌಮ್ಯ ಆಗುತ್ತದೆ ಅಂತ ನನಗೆ ಯಾರೂ ಹೇಳಲಿಲ್ಲ.

ಡೇಕೇರ್ ಸಿಸ್ಟರ್:

ಆ ಎರಡು ತಿಂಗಳು ನಾವು ಯಾರೂ ಮರೆಯುವುದಿಲ್ಲ ತಮ್ಮಾ. ಒಂದೊಂದು ವಯಲನ್ನೂ ಎಣಿಸಿ ಬೀಗ ಹಾಕಿಡುತ್ತಿದ್ದೆವು. ನಿಮ್ಮ ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಿ.

ಫಾರ್ಮಸಿ ಮೇಷ್ಟ್ರು:

ನಿಮ್ಮ ಪ್ರಶ್ನೆಗೆ ಉತ್ತರ ಇದೆ. ಆಂಫೊಟೆರಿಸಿನ್ ಶಿಲೀಂಧ್ರದ ಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಅನ್ನುವ ಕೊಬ್ಬಿಗೆ ಅಂಟಿಕೊಂಡು ಅದನ್ನು ಕೊಲ್ಲುತ್ತದೆ. ನಮ್ಮ ಕೋಶದ ಪೊರೆಯಲ್ಲಿ ಕೊಲೆಸ್ಟೆರಾಲ್ ಇದೆ, ಅದು ಇದರ ದಾಯಾದಿ. ಅದಕ್ಕೂ ಸ್ವಲ್ಪ ಅಂಟುತ್ತದೆ, ಕಿಡ್ನಿಗೆ ಪೆಟ್ಟು ಬೀಳುವುದು ಅಲ್ಲಿ. ಗುಳ್ಳೆಯ ರೂಪದಲ್ಲಿ ಔಷಧಿ ಒಳಗಿನ ನೀರಿನಲ್ಲಿರುವುದಿಲ್ಲ, ಗುಳ್ಳೆಯ ಗೋಡೆಯಲ್ಲೇ ಹುದುಗಿರುತ್ತದೆ. ಆ ಗೋಡೆ ಬಿಟ್ಟು ಕಿಡ್ನಿಗೆ ಅಂಟಲು ಅದಕ್ಕೆ ಮನಸ್ಸಾಗುವುದಿಲ್ಲ, ಶಿಲೀಂಧ್ರ ಸಿಕ್ಕಿದರೆ ಮಾತ್ರ ಬಿಟ್ಟು ಹೋಗುತ್ತದೆ. ಅದಕ್ಕೇ ಅಷ್ಟು ದೊಡ್ಡ ಡೋಸ್ ತಾಳಿಕೊಳ್ಳಲು ಆಗುವುದು. ಆ ವರ್ಷದ ಮುಂಚೆ ಇದಕ್ಕೆ ಬೇಡಿಕೆಯೇ ಕಡಿಮೆ, ಮಾಡುವ ಕಂಪನಿ ಬೆರಳೆಣಿಕೆಯಷ್ಟು. ಮೇ ತಿಂಗಳಲ್ಲಿ ಕೇಂದ್ರ ಇನ್ನೂ 5 ಕಂಪನಿಗಳಿಗೆ ಲೈಸೆನ್ಸ್ ಕೊಟ್ಟಿತು, ಜೂನ್‌ನಲ್ಲಿ ಜಿಎಸ್‌ಟಿ ತೆಗೆದರು. ಆದರೆ ಲೈಪೋಸೋಮ್ ತಯಾರಿಸುವ ಲೈನ್ ವಾರದಲ್ಲಿ ಎದ್ದು ನಿಲ್ಲುವಂಥದ್ದಲ್ಲ.

ಟೊರಾಂಟೊ ಕನ್ನಡತಿ:

ನಾನು ಇಲ್ಲಿ ನ್ಯಾನೋಕಣಗಳ ಮೇಲೆಯೇ ಪಿಎಚ್‌ಡಿ ಮಾಡುತ್ತಿದ್ದೇನೆ, ಊರು ದಾವಣಗೆರೆ. ಮೇಷ್ಟ್ರು ಕ್ಷಿಪಣಿ ಅನ್ನಬೇಡಿ ಅಂದಿದ್ದಕ್ಕೆ ಒಂದು ಅಂಕಿ ಕೊಡುತ್ತೇನೆ. 2016ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ವಾರನ್ ಚಾನ್ ಅವರ ತಂಡ ಅದಕ್ಕೂ ಹಿಂದಿನ 10 ವರ್ಷದ ಪ್ರಯೋಗಗಳನ್ನೆಲ್ಲ ಗುಡ್ಡೆ ಹಾಕಿ ಲೆಕ್ಕ ಹಾಕಿತು. ಪ್ರಾಣಿಗಳಿಗೆ ಕೊಟ್ಟ ನ್ಯಾನೋಕಣಗಳಲ್ಲಿ ಗಡ್ಡೆ ತಲುಪಿದ್ದು ಎಷ್ಟು? ಮಧ್ಯದ ಅಂಕಿ 0.7%. ಸಾವಿರ ಕಣ ಬಿಟ್ಟರೆ ಏಳು! ಗಡ್ಡೆಗೆ ಅಂಟುವ ಪ್ರೋಟೀನ್ ಕಟ್ಟಿ ‘ಗುರಿ’ ಕೊಟ್ಟ ಕಣಗಳದ್ದೂ 1% ದಾಟಲಿಲ್ಲ. ಉಳಿದವು ಎಲ್ಲಿ ಹೋದವು? ಬಹುಪಾಲು ಯಕೃತ್ತು ಮತ್ತು ಗುಲ್ಮಕ್ಕೆ. ಅಲ್ಲಿ ಕೂತಿರುವ ಮ್ಯಾಕ್ರೋಫೇಜ್ ಕೋಶಗಳ ಕೆಲಸವೇ ಅದು, ರಕ್ತದಲ್ಲಿ ತೇಲುವ ಅಪರಿಚಿತ ಕಣವನ್ನು ನುಂಗುವುದು.

ಆ ಲೇಖನ ಓದಿದ ವಾರ ನನಗೆ ನಿಜಕ್ಕೂ ಬೇಜಾರಾಗಿತ್ತು, ನಾನು ಸೇರಿದ್ದೇ ಕ್ಯಾನ್ಸರ್ ಕೆಲಸ ಅಂತ. ಆಮೇಲೆ ನನ್ನ ಯೋಚನೆ ತಿರುಗಿತು. ಕಣ ಹೋಗುವುದು ಯಕೃತ್ತಿಗೆ ತಾನೇ, ಹಾಗಾದರೆ ಯಕೃತ್ತಿನ ಕಾಯಿಲೆಗೇ ಬಳಸಿದರೆ? ಅದನ್ನೇ ಮಾಡಿದರು. 2018ರಲ್ಲಿ ಒಪ್ಪಿಗೆ ಸಿಕ್ಕ ಪಾಟಿಸಿರಾನ್ ಅನ್ನುವ ಔಷಧಿ ಹಾಗೇ ಇರುವುದು. ವಂಶಪಾರಂಪರ್ಯವಾಗಿ ಬರುವ ಒಂದು ಕಾಯಿಲೆಯಲ್ಲಿ ಯಕೃತ್ತು ಕೆಟ್ಟ ಪ್ರೋಟೀನ್ ಮಾಡುತ್ತದೆ, ಅದು ನರಗಳಲ್ಲಿ ಕೂತು ಕೈಕಾಲು ಸೋಲಿಸುತ್ತದೆ. ಪಾಟಿಸಿರಾನ್‌ನ ಕೊಬ್ಬಿನ ಕಣ ರಕ್ತಕ್ಕೆ ಬಿದ್ದ ಕೂಡಲೇ ನಮ್ಮದೇ ಒಂದು ಪ್ರೋಟೀನ್ ಅದರ ಮೇಲೆ ಮೆತ್ತಿಕೊಳ್ಳುತ್ತದೆ, ಯಕೃತ್ತಿನ ಕೋಶ ತನ್ನದೇ ಕೊಬ್ಬು ಬಂತು ಅಂತ ಬಾಗಿಲು ತೆಗೆಯುತ್ತದೆ. ಫೈಜರ್, ಮಾಡರ್ನಾ ಕೋವಿಡ್ ಲಸಿಕೆಯಲ್ಲಿ ಎಂಆರ್‌ಎನ್‌ಎ, ಅಂದರೆ ಪ್ರೋಟೀನ್ ಮಾಡಲು ಕೋಶಕ್ಕೆ ಕೊಡುವ ಸೂಚನೆಯ ಅಣು, ಅದನ್ನು ಹೊತ್ತಿದ್ದೂ ಇದೇ ಕುಟುಂಬದ ಕಣ. ಮನೆಯವರು ಕೇಳುತ್ತಾರೆ ಅಂತ ಹೇಳುತ್ತಿದ್ದೇನೆ: ಊರಲ್ಲಿ ಹೆಚ್ಚಿನವರು ತೆಗೆದುಕೊಂಡ ಕೋವಿಶೀಲ್ಡ್, ಕೋವ್ಯಾಕ್ಸಿನ್‌ನಲ್ಲಿ ಈ ಕಣ ಇಲ್ಲ, ಚಿಪ್ ಅಂತೂ ಯಾವುದರಲ್ಲೂ ಇಲ್ಲ.

ಫಾರ್ಮಸಿ ಮೇಷ್ಟ್ರು:

ಇದೇ ಮಾತು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುವುದು ಮಗಳೇ. ದೇಹ ಕಣವನ್ನು ತಾನಾಗಿ ಎಲ್ಲಿಗೆ ಒಯ್ಯುತ್ತದೋ ಆ ದಾರಿಯಲ್ಲೇ ಹೋದ ನ್ಯಾನೋ ಔಷಧಿ ಗೆದ್ದಿದೆ. ಎದುರು ಈಜಲು ಹೋದದ್ದು ಒದ್ದಾಡಿದೆ.

ಬಿಹಾರದ ಕಾಲಾ ಅಜಾರ್ ನೋಡಿ. ಆ ರೋಗದ ಪರಾವಲಂಬಿ ಅಡಗುವುದು ಎಲ್ಲಿ? ಗುಲ್ಮ ಮತ್ತು ಯಕೃತ್ತಿನ ಅದೇ ಮ್ಯಾಕ್ರೋಫೇಜ್ ಹೊಟ್ಟೆಯಲ್ಲಿ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಡಾ. ಶ್ಯಾಮ್ ಸುಂದರ್ ಅವರ ತಂಡ ಮುಜಫ್ಫರ್‌ಪುರದಲ್ಲಿ 412 ರೋಗಿಗಳ ಮೇಲೆ ಪರೀಕ್ಷೆ ಮಾಡಿ 2010ರಲ್ಲಿ ಪ್ರಕಟಿಸಿತು. ಒಂದು ಗುಂಪಿಗೆ ಸಾದಾ ಆಂಫೊಟೆರಿಸಿನ್, ದಿನ ಬಿಟ್ಟು ದಿನ 15 ಡ್ರಿಪ್, 29 ದಿನ ಆಸ್ಪತ್ರೆ. ಇನ್ನೊಂದು ಗುಂಪಿಗೆ ಲೈಪೋಸೋಮಲ್, ಕೆ.ಜಿ.ಗೆ 10 ಮಿ.ಗ್ರಾಂ, ಒಂದೇ ಒಂದು ಡ್ರಿಪ್. ಆರು ತಿಂಗಳ ನಂತರ ವಾಸಿಯಾದವರು 96.3% ಮತ್ತು 95.7%. ಕೂಲಿ ಮಾಡುವವನಿಗೆ ತಿಂಗಳು ಕೂಲಿ ಬಿಟ್ಟು ಮಲಗುವುದಕ್ಕೂ ಒಂದು ದಿನಕ್ಕೂ ಎಷ್ಟು ವ್ಯತ್ಯಾಸ ಯೋಚಿಸಿ. ಅಲ್ಲಿ ಮ್ಯಾಕ್ರೋಫೇಜ್ ನುಂಗುವುದು ಅಡ್ಡಿ ಅಲ್ಲ, ಅದೇ ಉಪಾಯ.

ಅಷ್ಟು ದೂರ ಯಾಕೆ, ನಮ್ಮ ತಾಲೂಕು ಆಸ್ಪತ್ರೆಯಲ್ಲೇ ಒಂದು ಇದೆ. ಬಸುರಿಯರಿಗೆ ರಕ್ತ ಕಡಿಮೆ ಇದ್ದರೆ ಡಿಕಾಕ್ಷನ್ ಬಣ್ಣದ ಡ್ರಿಪ್ ಹಾಕುತ್ತಾರಲ್ಲ, ಐರನ್ ಸುಕ್ರೋಸ್. ಅದೂ ನ್ಯಾನೋಕಣವೇ. ನಡುವೆ ಕಬ್ಬಿಣದ ತಿರುಳು, ಸುತ್ತ ಸಕ್ಕರೆ. ಬರೀ ಕಬ್ಬಿಣ ರಕ್ತಕ್ಕೆ ಬಿಟ್ಟರೆ ವಿಷ. ಸಕ್ಕರೆ ಹೊದ್ದ ಕಣವನ್ನು ಅದೇ ಮ್ಯಾಕ್ರೋಫೇಜ್ ನುಂಗಿ, ತಿರುಳು ಕರಗಿಸಿ, ಬೇಕಾದಷ್ಟೇ ಕಬ್ಬಿಣ ಹೊರಗೆ ಬಿಡುತ್ತದೆ. ನ್ಯಾನೋ ಅನ್ನುವ ಹೆಸರು ಎಲ್ಲೂ ಬರೆದಿಲ್ಲ, ಜಾಹೀರಾತು ಇಲ್ಲ. ಎಷ್ಟು ತಾಯಂದಿರನ್ನು ಹೆರಿಗೆ ಮನೆಯಲ್ಲಿ ಉಳಿಸಿದೆ ಅಂತ ಯೋಚಿಸಿದರೆ ಕೈ ಮುಗಿಯಬೇಕು ಅನ್ನಿಸುತ್ತದೆ.

ತೋಟದ ಮನೆ:

ಈ ನ್ಯಾನೋ ಯೂರಿಯಾ, ನ್ಯಾನೋ ಅರಿಶಿನದ ಮಾತ್ರೆ ಎಲ್ಲ ಇದೇ ಏನು ಸರ್? ನಮ್ಮ ಭಾವ ಸಕ್ಕರೆ ಕಾಯಿಲೆಗೆ ಅಂತ ಆನ್‌ಲೈನಲ್ಲಿ ನ್ಯಾನೋ ಅರಿಶಿನ ತರಿಸಿ ಇನ್ಸುಲಿನ್ ಬಿಡುವ ಮಾತಾಡುತ್ತಿದ್ದಾರೆ.

ಫಾರ್ಮಸಿ ಮೇಷ್ಟ್ರು:

ಯೂರಿಯಾ ಗಿಡದ ವಿಷಯ, ಇಲ್ಲಿ ಬೆರೆಸುವುದು ಬೇಡ. ಭಾವನಿಗೆ ಮಾತ್ರ ಇವತ್ತೇ ಫೋನ್ ಮಾಡಿ. ಇನ್ಸುಲಿನ್ ಬಿಡಬಾರದು. ನ್ಯಾನೋ ಅನ್ನುವುದು ಒಂದು ಅಳತೆ, ಅದು ಗುಣದ ಪ್ರಮಾಣಪತ್ರ ಅಲ್ಲ. ಯಾವ ಔಷಧಿ, ಯಾವ ಕಾಯಿಲೆಗೆ, ರೋಗಿಗಳ ಮೇಲೆ ಪರೀಕ್ಷೆ ಆಗಿದೆಯಾ, ಈ ಮೂರು ಕೇಳಿ. ಡಬ್ಬಿಯ ಮೇಲೆ ಉತ್ತರ ಇಲ್ಲದಿದ್ದರೆ ದುಡ್ಡು ಕೊಡಬೇಡಿ.

ಟೊರಾಂಟೊ ಕನ್ನಡತಿ:

ಕ್ಷಿಪಣಿ ಥರದ್ದು ಮಾಡುವ ಪ್ರಯತ್ನ ನಮ್ಮ ಬೆಂಗಳೂರಲ್ಲೇ ನಡೆದಿದೆ, ಅದನ್ನೂ ಹೇಳಬೇಕು. ಐಐಎಸ್‌ಸಿಯಲ್ಲಿ ಅಂಬರೀಷ್ ಘೋಷ್ ಅವರ ತಂಡ ಸ್ಕ್ರೂ ಆಕಾರದ ಕಣಕ್ಕೆ ಕಬ್ಬಿಣ ಲೇಪಿಸಿ ಹೊರಗಿನಿಂದ ಅಯಸ್ಕಾಂತದಲ್ಲಿ ತಿರುಗಿಸಿ ಓಡಿಸುತ್ತದೆ. 2022ರಲ್ಲಿ ಕಿತ್ತ ಹಲ್ಲುಗಳ ಒಳಗಿನ ಸಣ್ಣ ಕೊಳವೆಗಳಿಗೆ ಅವನ್ನು ನುಗ್ಗಿಸಿ, ಕಾಯಿಸಿ, ರೂಟ್ ಕೆನಾಲ್ ಮಾಡಿದರೂ ಉಳಿಯುವ ಬ್ಯಾಕ್ಟೀರಿಯಾ ಕೊಂದು ತೋರಿಸಿದರು. ಅವರು ಮೊದಲು ಹಲ್ಲನ್ನು ಆರಿಸಿಕೊಂಡಿದ್ದು ಎಷ್ಟು ಸರಿ ಅಲ್ವಾ, ಅಲ್ಲಿ ನುಂಗಲು ಯಕೃತ್ತು ಇಲ್ಲ.

ಸಕಲೇಶಪುರದ ಮಗಳು:

ಇವತ್ತು ಅಮ್ಮನ ಮೊದಲ ಡ್ರಿಪ್ ಆಯಿತು. ಅದಕ್ಕೇ ಮತ್ತೆ ಬರೆಯುತ್ತಿದ್ದೇನೆ. ಸಿಸ್ಟರ್ ಹೇಳಿದ ಹಾಗೇ ಮಂಜು ಮಂಜು ಕೆಂಪು, ಗ್ಲೂಕೋಸ್ ಬಾಟಲಿ, ತುಂಬಾ ನಿಧಾನ. ಹತ್ತನೇ ನಿಮಿಷಕ್ಕೆ ಅಮ್ಮನ ಮುಖ ಕೆಂಪೇರಿತು. ಬೇರೆ ದಿನ ಆಗಿದ್ದರೆ ಬಾಯಿ ಬಿಡುತ್ತಿರಲಿಲ್ಲ, ಇವತ್ತು ಅವರೇ ಕೈ ಎತ್ತಿ ನರ್ಸ್ ಕರೆದರು. ನಿಲ್ಲಿಸಿದರು, ಅರ್ಧ ಗಂಟೆ ಬಿಟ್ಟು ಮತ್ತೆ ಶುರು ಮಾಡಿದರು, ಏನೂ ಆಗಲಿಲ್ಲ. ಆ ಅರ್ಧ ಗಂಟೆಯಲ್ಲಿ ಕಾಫಿ ಬೀಜದ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ಸುಮಾರು ಹೊತ್ತು ನೋಡಿ ‘ರೊಬಸ್ಟಾ ಇದ್ದ ಹಾಗಿದೆ’ ಅಂದರು. ದಾರಿಯುದ್ದಕ್ಕೂ ಅದನ್ನೇ ಅಪ್ಪನಿಗೆ ವಿವರಿಸುತ್ತಾ ಬಂದರು, ಒಳಗೆ ಹರಳು ಹೇಗೆ ಕೂರುತ್ತದೆ ಅನ್ನುವುದನ್ನೂ ಸೇರಿಸಿ.

ಸಿಸ್ಟರ್, ಮುಂದಿನದ್ದು 28 ದಿನಕ್ಕೆ. ಅಲ್ಲಿಯ ತನಕ ಏನು ಗಮನಿಸಲಿ?

ಡೇಕೇರ್ ಸಿಸ್ಟರ್:

ಕೈ ಎತ್ತಿದರಲ್ಲ, ನನಗೆ ಅಷ್ಟು ಸಾಕು. ದಿನಾ ರಾತ್ರಿ ಮಲಗುವ ಮುಂಚೆ ನೀವೇ ಅವರ ಅಂಗೈ, ಅಂಗಾಲು ಹಿಡಿದು ಬೆಳಕಲ್ಲಿ ನೋಡಿ, ಅವರನ್ನು ಕೇಳಬೇಡಿ. ಕೆಂಪು, ಜುಮ್ ಅನ್ನುವುದು, ಉರಿ ಯಾವುದು ಕಂಡರೂ ಮುಂದಿನ ಡೋಸ್‌ಗೆ ಕಾಯದೆ ಆಸ್ಪತ್ರೆಗೆ ಫೋನ್ ಮಾಡಿ. ಬಾಯಿ ಹುಣ್ಣು ಬಂದರೂ ಅಷ್ಟೇ. ಜ್ವರ 100.4 ದಾಟಿದರೆ ಫೋನ್ ಕೂಡ ಬೇಡ, ನೇರ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ಸ್ನಾನಕ್ಕೆ ಉಗುರು ಬೆಚ್ಚಗಿನ ನೀರು. ಮುದ್ದೆ ಅಪ್ಪ ಕಟ್ಟಲಿ.